ಭಂಡಾರ ಮುಟ್ಟಿದ ಐವರು

5 ನವೆಂಬರ್ 1979, ಸೋಮವಾರ

ಬೆಳಿಗ್ಗೆ ಆರಕ್ಕೇ ಮೈದಾನ. ಗಾಳಿ ಏಳುವ ಮೊದಲು ಮುಗಿಸಬೇಕು — ಉಣ್ಣೆಯ ಚೆಂಡು, ಸ್ವಲ್ಪ ಗಾಳಿ ಬಂದರೂ ಮಾತು ಕೇಳುವುದಿಲ್ಲ. ನೆಟ್ ಕಟ್ಟಿದ್ದು ಇವತ್ತೂ ನಾನೇ. ಪ್ಯೂನ್ ಚೌಡಣ್ಣ ಬಂದದ್ದು ಎಲ್ಲ ಮುಗಿದ ಮೇಲೆ, ಬೀಡಿ ಸಮೇತ.

ಇವತ್ತಿನ ಪಾಠ ಒಂದೇ. ಹೊಡೆಯುವ ಮೊದಲು ಚೆಂಡು ಎಲ್ಲಿಗೆ ಹೋಗಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಆಚೆ ಕೋರ್ಟಿನಲ್ಲಿ ಸುಣ್ಣದಿಂದ ಚೌಕ ಬರೆದೆ. ಹೇಳಿದ ಚೌಕದಲ್ಲಿ ಬಿದ್ದರೆ ಲೆಕ್ಕ. ಇಲ್ಲದಿದ್ದರೆ ಎಷ್ಟು ಜೋರಾಗಿ ಹೊಡೆದರೂ ಲೆಕ್ಕಕ್ಕಿಲ್ಲ. ಸುಮ್ಮನೆ ಪಟಪಟ ಬಡಿಯುವುದಾದರೆ ಮನೆಯಲ್ಲೇ ರೊಟ್ಟಿ ಬಡಿಯಿರಿ, ಅವ್ವನಿಗಾದರೂ ಉಪಯೋಗವಾಗುತ್ತದೆ ಅಂದೆ. ನಕ್ಕರು. ಆಮೇಲೆ ಗಂಭೀರವಾಗಿ ಆಡಿದರು.

ಐವರೂ ಹದಕ್ಕೆ ಬರುತ್ತಿದ್ದಾರೆ. ಮುಂದೆ ರುದ್ರಿ, ಗಾದೆಮ್ಮ. ನಡುವೆ ಜಂಬಕ್ಕ, ಕ್ಯಾಪ್ಟನ್. ಹಿಂದೆ ಗುರುಬಸಿ ಮತ್ತು ಮರುಳಸಿದ್ದಿ. ಕೂಡ್ಲಿಗಿಯಲ್ಲಿ ತಾಲ್ಲೂಕು ಗೆದ್ದದ್ದಾಯಿತು. ಡಿಸೆಂಬರ್ ಒಂದಕ್ಕೆ ಬಳ್ಳಾರಿ, ಜಿಲ್ಲಾ ಪಂದ್ಯ. ನಮ್ಮ ಹೈಸ್ಕೂಲಿನ ಹುಡುಗಿಯರು ಬಾಲ್ ಬ್ಯಾಡ್ಮಿಂಟನ್ ಆಡಲು ಬಳ್ಳಾರಿಗೆ ಹೋಗುವುದು ಇದೇ ಮೊದಲು. 

ಗುಂಡ್ಯಾನನ್ನೂ ಸೇರಿಸಿದರೆ ಆರು ಮಂದಿ. ಚೌಡಣ್ಣನ ನಾಯಿ. ಬೇಲಿಯಾಚೆ ಹೋದ ಚೆಂಡನ್ನು ಕಚ್ಚಿಕೊಂಡು ಬರುತ್ತದೆ. ಚೆಂಡಿನ ತುಂಬ ಜೊಲ್ಲು. ಆದರೂ ಚೌಡಣ್ಣನಿಗಿಂತ ಚುರುಕು.

7 ನವೆಂಬರ್, ಬುಧವಾರ

ಹೆಡ್ಮಾಸ್ಟರ್ ಪಾಲಾಕ್ಷಪ್ಪನವರು ಸ್ಟಾಫ್ ರೂಮಿನಲ್ಲಿ ಕೇಳಿದರು. "ಅಲ್ರೀ ಬಸಲಿಂಗಮ್ಮ, ಹ್ವಾದ ವರ್ಷ ಇವೇ ಹುಡುಗ್ಯಾರು ಜಡಿ ಹಿಡದು ಜಗಳಾಡ್ತಿದ್ವು. ಈಗ ಒಂದೇ ತಾಯಿ ಮಕ್ಕಳಂಗ ಅದಾವ. ಏನು ಮಾಟ ಮಾಡೀರಿ?"

ನಕ್ಕೆ. ಮಾಟವೇ ಸರಿ. ಹೋದ ವರ್ಷ ಯಾರು ಚೆಂಡು ಬಿಟ್ಟರು, ಯಾರು ಅತ್ತರು, ಯಾರ ಕಾಲು ಉಳುಕಿತು — ಎಲ್ಲ ಸಂಜೆಯೊಳಗೆ ನಲ್ಲಿಯ ಹತ್ತಿರ ಸುದ್ದಿ. ಅಲ್ಲಿಂದ ಮನೆಗಳಿಗೆ. ತಾಯಂದಿರ ಜಗಳದಲ್ಲಿ ತಂಡ ಮುರಿಯಿತು. ಈ ಜೂನ್‌ನಲ್ಲಿ ಮರುಳಸಿದ್ದಿಯ ಕೈಯಲ್ಲಿ ಮೈಲಾರಲಿಂಗನ ಭಂಡಾರ ತರಿಸಿದೆ. ಕುರಿಯವರ ಮನೆಗಳಲ್ಲಿ ಬದುವಿನ ಜಗಳ ಕೂಡ ಆ ಅರಿಶಿನದ ಪುಡಿ ಮುಟ್ಟಿದರೆ ಮುಗಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಐವರ ಕೈಯನ್ನೂ ಅದರ ಮೇಲೆ ಇಡಿಸಿ ಹೇಳಿಸಿದೆ: ನಮ್ಮೈವರ ತಪ್ಪು, ನಮ್ಮೈವರ ನೋವು, ಇನ್ನೊಬ್ಬ ಮನುಷ್ಯರ ಕಿವಿಗೆ ಹಾಕುವುದಿಲ್ಲ. ಅವತ್ತಿನಿಂದ ಚಾಡಿ ಬಂದ್. ಆಟವೂ ಸುಧಾರಿಸಿತು.

ಸಂಜೆ ಅಪ್ಪನಿಗೆ ಹೇಳಿ ಜಂಬ ಕೊಚ್ಚಿಕೊಂಡೆ. ಅಪ್ಪ ನಗಲಿಲ್ಲ.

"ನಮ್ಮ ಮನ್ಯಾಗ ಬುದ್ಧನ ಪಟ ಐತಿ. ನೀ ಯಾವ ಗುಡಿ ಮೆಟ್ಟಲಾನೂ ಹತ್ತಿದಾಕಿ ಅಲ್ಲ. ನೀ ನಂಬದ್ದನ್ನ ಆ ಹುಡುಗ್ಯಾರ ಕೊಳ್ಳಿಗೆ ಯಾಕ ಕಟ್ಟಿದಿ?"

"ಆಟಕ್ಕಪ್ಪಾ."

"ಆಟಕ್ಕಂತ ಬೆಂಕಿ ಹಚ್ಚಿದ್ರೂ ಅದು ಸುಡ್ತೈತಿ."

ಅಪ್ಪನಿಗೆ ವಯಸ್ಸಾಯಿತು. ಎಲ್ಲದಕ್ಕೂ ಒಂದು ಕೊಂಕು.

13 ನವೆಂಬರ್, ಮಂಗಳವಾರ

ನಿನ್ನೆ ಸಂಜೆ ಕೊಟ್ಟೂರಿಗೆ ಹೋಗಿದ್ದೆ, ಎರಡು ರ್ಯಾಕೆಟ್ಟಿಗೆ ಹೊಸ ಗಟ್ ತಂತಿ ಹಾಕಿಸಲು. ಹುಡುಗಿಯರೇ ಪ್ರಾಕ್ಟೀಸ್ ಮಾಡಿಕೊಂಡರು. ಇವತ್ತು ಬೆಳಿಗ್ಗೆ ಯಾಕೋ ಎಲ್ಲರೂ ಮೌನ. "ನಂದು", "ನಿಂದು" ಅನ್ನುವ ಕೂಗು ಕೂಡ ಗಂಟಲಲ್ಲೇ. ಸುಸ್ತಿರಬೇಕು.

ಆದರೆ ಒಂದು ಸಂತೋಷ. ತಲೆ ಮೇಲೆ ಎತ್ತರಕ್ಕೆ ಬಂದ ಚೆಂಡನ್ನೆಲ್ಲ ಜಂಬಕ್ಕ ಹಿಂದಿದ್ದ ಸಿದ್ದಿಗೆ ಬಿಟ್ಟುಕೊಟ್ಟಳು. ಈ ಹುಡುಗಿಗೆ ಎಲ್ಲ ಚೆಂಡೂ ತನಗೇ ಬೇಕು ಅನ್ನುವ ಆಸೆಬುರುಕತನ. ಎಷ್ಟು ಬೈದಿದ್ದೇನೆ! ಇವತ್ತು ಎಲ್ಲರ ಮುಂದೆ ಬೆನ್ನು ತಟ್ಟಿದೆ. "ನೋಡ್ರೇ, ತಂಡ ಅಂದ್ರ ಇದು." ತಲೆ ತಗ್ಗಿಸಿದಳು. ನಾಚಿಕೆ.

ಗುಂಡ್ಯಾ ಕಾಣಲಿಲ್ಲ. ಚೆಂಡು ತರಲು ನಾನೇ ಬೇಲಿ ದಾಟಿದೆ. ಸೀರೆ ಹರಿಯಿತು.

15 ನವೆಂಬರ್, ಗುರುವಾರ, ಮಧ್ಯಾಹ್ನ

 ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮೂರನೇ ಪಿರಿಯಡ್ಡಿನಲ್ಲಿ ಚೌಡಣ್ಣ ಬಂದ. ಅಳುತ್ತಿದ್ದ. "ಟೀಚರ್, ನಮ್ಮ ಗುಂಡ್ಯಾನ್ನ ಬಸ್ ಸ್ಟ್ಯಾಂಡ್ ಹತ್ರ ಬಡದು ಹಾಕ್ಯಾರ್ರಿ. ಹುಚ್ಚು ಹಿಡದಿತ್ತಂತ. ಬಾಯಾಗ ನೊರಿ. ಎರಡು ಎಮ್ಮಿಗೆ ಕಚ್ಚೈತಂತ."

ಪಾಪ ಅನ್ನುವಷ್ಟರಲ್ಲಿ ಮುಂದಿನದನ್ನೂ ಹೇಳಿದ. "ಅಷ್ಟ ಅಲ್ರಿ. ಸೋಮವಾರ ಸಂಜಿಮುಂದ ಅದು ನಮ್ಮ ಆಟದ ಹುಡುಗ್ಯಾರ ನಡುವ ಹಾರಿತ್ರಿ. ಒಬ್ಬಾಕಿ ಚೀರಿದ್ಲು. ಮಬ್ಬಾಗಿತ್ತು, ಯಾರಂತ ಕಾಣಲಿಲ್ಲ. ನಾ ಓಡಿ ಬರೋದ್ರಾಗ ಐದೂ ಮಂದಿ ಗುಂಪುಗೂಡಿ ನಿಂತಿದ್ರು. ಏನಾತವ್ವಾ ಅಂದ್ರ ಏನಿಲ್ಲ ಅಂದ್ರು."

ಸೋಮವಾರ. ನಾನಿರಲಿಲ್ಲ.

ಅದೇ ದಿನ, ಸಂಜೆ

ಐವರನ್ನೂ ಮೈದಾನದಲ್ಲಿ ನಿಲ್ಲಿಸಿ ಕೇಳಿದೆ. ಯಾರಿಗೆ ಕಚ್ಚಿತು?  ನೆಟ್ಟಿನ ಕಂಬ ನೋಡುತ್ತಾ ನಿಂತರು.

"ಹುಚ್ಚುನಾಯಿ ಕಣ್ರೇ ಅದು! ಸೂಜಿ ಹಾಕಿಸದಿದ್ರ ಸಾಯ್ತೀರಿ!"

"ಯಾರಿಗೂ ಏನೂ ಆಗಿಲ್ರಿ ಟೀಚರ್," ಅಂದಳು ಜಂಬಕ್ಕ.

"ಆಣಿ ಮಾಡು ಹಂಗಾರ."

ಆಡಬಾರದ ಮಾತು. ಐವರೂ ಒಮ್ಮೆಲೇ ನನ್ನ ಮುಖ ನೋಡಿದರು. ರುದ್ರಿ ಮೆಲ್ಲಗೆ, ಹೆದರುತ್ತಲೇ ಅಂದಳು. "ಆಣಿ ಮಾಡೇವಲ್ರಿ ಟೀಚರ್. ನೀವ ಮಾಡ್ಸೀರಿ."

ಪೆಟ್ಟು ಬಿದ್ದವರನ್ನು ಆಡಿಸುವುದಿಲ್ಲ ಅಂತ ನಿಯಮ ಮಾಡಿದ್ದು ನಾನು. ಪೆಟ್ಟನ್ನು ಬಾಯಿಬಿಡಬಾರದು ಅಂತ ಆಣೆ ಹಾಕಿಸಿದ್ದೂ ನಾನು. ಎರಡನ್ನೂ ಕೂಡಿಸಿದರೆ ಏನಾಗುತ್ತದೆ ಅಂತ ಯೋಚನೆಯನ್ನೇ ಮಾಡಿರಲಿಲ್ಲ. ಭಯವಾಗುತ್ತಿದೆ. ಊಟ ಸೇರಲಿಲ್ಲ.

16 ನವೆಂಬರ್, ಶುಕ್ರವಾರ, ಬೆಳಿಗ್ಗೆ

ಕೈಕಾಲು ನೋಡಿಯೇ ಬಿಡುವುದು ಅಂತ ಬೇಗ ಬರಹೇಳಿದ್ದೆ. ಬಂದರು. ಐವರ ಎಡಗಾಲಿಗೂ ಪಟ್ಟಿ. ಹಳೇ ಸೀರೆಯ ಚೂರು, ಭಂಡಾರ ಮೆತ್ತಿ ಹಳದಿಯಾಗಿದೆ.

ಒಬ್ಬೊಬ್ಬರದನ್ನೇ ಬಿಚ್ಚಿದೆ. ಐದು ಕಾಲು, ಐದು ಗಾಯ. ಜಾಲಿಮುಳ್ಳಿನಿಂದ ತಾವೇ ಗೀರಿಕೊಂಡಿದ್ದಾರೆ, ಆಳವಾಗಿ, ರಕ್ತ ಬರುವ ಹಾಗೆ. ಮೇಲೆ ಸುಣ್ಣ, ಅರಿಶಿನ. ಯಾವುದು ಮುಳ್ಳು, ಯಾವುದು ಹಲ್ಲು — ಯಾರಿಗೆ ಗೊತ್ತಾಗಬೇಕು?

ಹೊಡೆಯಲು ಕೈ ಎತ್ತಿದೆ. ಯಾರೂ ಹಿಂದೆ ಸರಿಯಲಿಲ್ಲ. ಗಾದೆಮ್ಮನ ಗಲ್ಲ ನಡುಗುತ್ತಿತ್ತು, ಆದರೂ ನಿಂತಿದ್ದಳು. ಇಂಥ ಒಗ್ಗಟ್ಟನ್ನು ನಾನು ಯಾವ ತಂಡದಲ್ಲೂ ಕಂಡಿಲ್ಲ. ಕೈ ಕೆಳಗಿಳಿಸಿದೆ. ಅವರ ಮುಂದೆಯೇ ಅತ್ತುಬಿಟ್ಟೆ.

ಸಂಜೆ

ಊರಿನ ಆಸ್ಪತ್ರೆಯ ಡಾಕ್ಟರ ಹತ್ತಿರ ಹೋಗಿ ಬಂದೆ. ಹರಪನಹಳ್ಳಿ ಕಡೆಯವರು, ಒಳ್ಳೆಯವರು, ಆದರೆ ಮಾತು ಕಡ್ಡಿ ಮುರಿದಂತೆ.

"ನನ್ ಹತ್ರ ಒಬ್ಬರಿಗೆ ಆಗೋಷ್ಟು ಔಷಧ ಐತಿ. ಹೊಟ್ಟೆಗೆ ದಿನಾ ಒಂದರಂಗ ಹದಿನಾಲ್ಕು ಸೂಜಿ. ಯಾರಿಗೆ ಅಂತ ಹೇಳಿ, ಈಗಲೇ ಶುರು ಮಾಡ್ತೀನಿ."

ಐವರಿಗೂ ಕೊಡಿ, ಇನ್ನಷ್ಟು ತರಿಸಿ ಅಂದೆ.

"ಕಚ್ಚದೋರಿಗೆ ಸುಮ್ನೆ ಚುಚ್ಚೋ ಔಷಧ ಅಲ್ಲಮ್ಮ ಇದು. ಇದರಿಂದನೇ ಕೈಕಾಲು ಸ್ವಾಧೀನ ತಪ್ಪಿ ಮಲಗಿದೋರನ್ನ ನೋಡೀನಿ. ಗೊತ್ತು ಮಾಡ್ಕೊಂಡು ಬನ್ನಿ. ಆ ರೋಗ ಒಂದ್ಸಲ ತಲೆಗೇರಿದ್ರೆ ನೀರು ಕಂಡ್ರೇ ಹೆದರ್ತಾರೆ, ಆಮೇಲೆ ಲೋಕದಾಗ ಯಾರೂ ಉಳಿಸೋರಿಲ್ಲ."

ಅಲ್ಲಿಂದ ಮನೆ ಮನೆ ಅಲೆದೆ. ಯಾವ ತಾಯಿಗೂ ಏನೂ ಗೊತ್ತಿಲ್ಲ. ಜಂಬಕ್ಕನ ಅವ್ವ ನನಗೇ ಬುದ್ಧಿ ಹೇಳಿದಳು. "ನಾಯಿ ಅಂದ್ರ ಮೈಲಾರಲಿಂಗನ ಬಂಟ ಟೀಚರ್. ಅದು ಬಾಯಿ ಹಾಕಿದ್ರ ಭಂಡಾರ ಹಚ್ಚಿದ್ರಾತು. ದವಾಖಾನಿಗೆ ಯಾಕ ಹೋಗ್ಬೇಕ್ರಿ?" ಚಹಾ ಕೊಟ್ಟಳು. ಕುಡಿಯಲು ಆಗಲಿಲ್ಲ.

17 ನವೆಂಬರ್, ಶನಿವಾರ

ರಾತ್ರಿಯೆಲ್ಲ ಹೊರಳಾಡಿ ಒಂದು ದಾರಿ ಹೊಳೆಯಿತು. ಬಾಯಿ ಮುಚ್ಚಿಕೊಳ್ಳಬಹುದು, ಆಟ ಮುಚ್ಚಿಕೊಳ್ಳಲಾಗದು. ನೋವಿರುವ ಕಾಲು ಆಟದಲ್ಲಿ ಸಿಕ್ಕಿಬೀಳಲೇಬೇಕು.

ಬೆಳಿಗ್ಗೆ ಎಂದಿನಂತೆ ಪ್ರಾಕ್ಟೀಸ್ ಅಂದೆ. ನಾನೇ ಆಚೆ ಕಡೆ ನಿಂತು ಪ್ರತಿಯೊಬ್ಬರ ಎಡಕ್ಕೆ, ನೆಲಕ್ಕೆ ತಾಗುವಷ್ಟು ತಗ್ಗಾಗಿ ಚೆಂಡು ಹಾಕಿದೆ. ಕಣ್ಣು ಕಾಲಿನ ಮೇಲೆ. ರುದ್ರಿ ಸರಿ. ಗಾದೆಮ್ಮ ಮುಖ ಕಿವುಚಿದಳು, ಆದರೂ ಕಾಲು ಊರಿದಳು. ಜಂಬಕ್ಕ ಜಿಂಕೆ. ಗುರುಬಸಿ ಸರಿ. ಮರುಳಸಿದ್ದಿಗೆ ಹಾಕಿದಾಗ — ಕಾಲು ಊರಲೇ ಇಲ್ಲ. ಇನ್ನೊಂದು ಹಾಕಿದೆ. ಈ ಸಲ ಗುರುಬಸಿ ತನ್ನ ಜಾಗ ಬಿಟ್ಟು ಓಡಿ ಬಂದು ಸಿದ್ದಿಯ ಚೆಂಡು ಎತ್ತಿದಳು. ಮತ್ತೆ ಹಾಕಿದೆ, ಮತ್ತೆ ಅದೇ. ಯಾರೂ ಕರೆದಿಲ್ಲ, ಯಾರೂ ಹೇಳಿಲ್ಲ. ಅವಳನ್ನು ಕಾಯುತ್ತಿದ್ದಾರೆ!

ರ್ಯಾಕೆಟ್ ಎಸೆದು ಓಡಿಹೋಗಿ ಸಿದ್ದಿಯ ಕೈ ಹಿಡಿದೆ. "ನೀನ ಅಲ್ಲ?" ಅಂದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಜಂಬಕ್ಕನ ಕಡೆ ಒಮ್ಮೆ ನೋಡಿ ನನ್ನ ಜೊತೆ ಹೊರಟಳು.

ಮೊದಲ ಸೂಜಿ ಆಯಿತು. ನನ್ನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಒಂದು ಹನಿ ಕಣ್ಣೀರಿಲ್ಲ. ಗಟ್ಟಿಗಿತ್ತಿ. ಸದ್ಯ, ಸಿಕ್ಕಿದಳು.

20 ನವೆಂಬರ್, ಮಂಗಳವಾರ

ಸಿದ್ದಿಯ ಹೊಟ್ಟೆ ಅಲ್ಲಲ್ಲಿ ಗಂಟುಕಟ್ಟಿದೆ. ಮೈ ಬಿಸಿ. ಡಾಕ್ಟರು ದಿನಾ ಅವಳ ಕಾಲು ಎತ್ತಿಸಿ ನೋಡುತ್ತಾರೆ, ಸ್ವಾಧೀನದಲ್ಲಿದೆಯೋ ಇಲ್ಲವೋ ಅಂತ.  ಉಳಿದ ನಾಲ್ವರೂ ಹೊರಗೆ ಕಟ್ಟೆಯ ಮೇಲೆ ಕಾಯುತ್ತಾರೆ. ಜಂಬಕ್ಕ ದಿನಾ ಏನಾದರೂ ತರುತ್ತಾಳೆ, ಕಡಲೆಕಾಯಿ, ಬೆಲ್ಲ. ತಾನೇ ಸುಲಿದು ಸಿದ್ದಿಯ ಬಾಯಿಗೆ ಹಾಕುತ್ತಾಳೆ.

ನಿನ್ನೆ ನಿದ್ದೆ ಬಂತು. ಬಳ್ಳಾರಿಗೆ ಸಿದ್ದಿಯ ಜಾಗದಲ್ಲಿ ಯಾರು ಅಂತ ಯೋಚಿಸುವಷ್ಟು ಧೈರ್ಯವೂ ಬಂತು.

23 ನವೆಂಬರ್, ಶುಕ್ರವಾರ

ದೇವರೇ. ನಂಬದವಳ ಬಾಯಲ್ಲೂ ಈ ಮಾತೇ ಬರುತ್ತಿದೆ.

ಸಿದ್ದಿ ಆಸ್ಪತ್ರೆಗೆ ಬರಲಿಲ್ಲ ಅಂತ ಮನೆಗೆ ಹೋದೆ. ಅವಳ ಅಜ್ಜಿ ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. "ಸೂಜಿ ಸಾಕು ಬಿಡ್ರಿ ಅಕ್ಕೋರ. ಒಳಗ ಮುರಕೊಂಡಿದ್ದ ಮುಳ್ಳು ನಿನ್ನಿ ನಾನ ತಗದೀನಿ. ಕೀವು ಹೋತು. ಈಗ ಚೊಲೋ ನಡೀತಾಳ."

"ಮುಳ್ಳಲ್ಲಜ್ಜಿ, ನಾಯಿ ಕಚ್ಚಿದ್ದು. ಹೋದ ಸೋಮವಾರದ ಹಿಂದಿನ ಸೋಮವಾರ."

"ಯಾವ ನಾಯಿ? ಆ ಸೋಮವಾರ ರಾತ್ರಿ ನಾನ ಆಕಿಗೆ ಎಣ್ಣಿ ತಿಕ್ಕಿ ಎರದೀನಿ. ಮೈಮ್ಯಾಲ ಒಂದು ಗೀರು ಇರಲಿಲ್ಲ. ಕಾಲಾಗಿನ ಗಾಯ ಶುಕ್ರವಾರದ್ದು, ಮುಳ್ಳಿಂದು."

ಕೂತುಬಿಟ್ಟೆ. ಒಳಗೆ ಸಿದ್ದಿ ಮಲಗಿದ್ದಳು. ಗೋಡೆಯ ಕಡೆ ಹೊರಳಿದಳು.

"ಮತ್ತ ಯಾಕ ಚುಚ್ಚಿಸ್ಕೊಂಡಿ? ನಾ ಅಲ್ಲ ಅಂತ ಯಾಕ ಹೇಳಲಿಲ್ಲ?"

"ನಾ ಅಲ್ಲ ಅಂದ್ರ ನಾಕ ಮಂದಿ ಉಳೀತಿದ್ರು. ಅದೂ ಹೇಳಿದಂಗ ಆಗ್ತಿತ್ತಲ್ರಿ ಟೀಚರ್."

"ಕಚ್ಚಿಸ್ಕೊಂಡಾಕಿ ಸತ್ರ ಏನ ಮಾಡ್ತೀಯ?"

ಆಗ ಅತ್ತಳು. ಸೂಜಿಗೆ ಅಳದ ಹುಡುಗಿ. "ದಿನಾ ಭಂಡಾರ ಹಚ್ಚಾಕತ್ತೇವ್ರಿ. ಮೈಲಾರಲಿಂಗ ಕಾಯ್ತಾನ್ರಿ."

ಯಾರಿಗೆ ಹಚ್ಚುತ್ತಿದ್ದೀರಿ, ಎಲ್ಲಿಗೆ ಹಚ್ಚುತ್ತಿದ್ದೀರಿ? ಹೇಳಲಿಲ್ಲ. ಒಂದು ವಾರ ಬೇರೆ ಹುಡುಗಿಯ ಹೊಟ್ಟೆಗೆ ಔಷಧ ಹಾಕಿಸಿದ್ದೇನೆ. ಅಷ್ಟು ದಿನವೂ ಇನ್ನೊಬ್ಬಳ ಮೈಯಲ್ಲಿ ಆ ರೋಗ ತಲೆಯ ಕಡೆ ಹತ್ತುತ್ತಿತ್ತು. ನಾನು ನಿದ್ದೆ ಮಾಡುತ್ತಿದ್ದೆ.

24 ನವೆಂಬರ್, ಶನಿವಾರ

ಬಳ್ಳಾರಿಗೆ ತಂಡ ಹೋಗುವುದಿಲ್ಲ ಅಂತ ಹೆಡ್ಮಾಸ್ಟರಿಗೆ ಹೇಳಿದೆ. ಕೂಗಾಡಿದರು. ಕೂಗಾಡಲಿ.

ಐವರನ್ನೂ ಕರೆದೆ. ಸಿದ್ದಿ ಕುಂಟುತ್ತಾ ಬಂದಳು. ಅವರ ಮುಂದೆ ಭಂಡಾರ ನಾಲಿಗೆಗೆ ಹಚ್ಚಿಕೊಂಡು ಹೇಳಿದೆ: ಆಣೆ ಹಾಕಿಸಿದವಳು ನಾನು, ಈಗ ಬಿಡಿಸುವವಳೂ ನಾನೇ, ಬರುವ ಪಾಪ ನನ್ನ ತಲೆ ಮೇಲಿರಲಿ. ಈಗ ಹೇಳಿ.

ಜಂಬಕ್ಕ ಅಂದಳು. "ನೀವು ನಂಬೋದಿಲ್ಲಲ್ರಿ ಟೀಚರ್. ನಿಮಗ ಅದು ಬರೇ ಅರಿಶಿಣ. ನೀವು ಬಿಟ್ಟೀನಿ ಅಂದ್ರ ಅದು ಬಿಡೋದಿಲ್ಲ."

ಸಿಟ್ಟಿರಲಿಲ್ಲ ದನಿಯಲ್ಲಿ. ಚಿಕ್ಕ ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು.

ಮನೆಗೆ ಬಂದು ಅಪ್ಪನ ಕಾಲ ಬಳಿ ಕೂತು ಎಲ್ಲ ಹೇಳಿದೆ. ನಾನು ಮೊದಲೇ ಹೇಳಿದ್ದೆ ಅಂತ ಅಪ್ಪ ಒಂದು ಸಲವೂ ಅನ್ನಲಿಲ್ಲ. "ಅವರ ಬಾಗಲಿಗೆ ನಮ್ಮ ಕೀಲಿಕೈ ಹತ್ತೋದಿಲ್ಲವ್ವಾ. ಗೊರವರ ಮೈಲಪ್ಪನ ಕಡಿ ಹೋಗು. ನಾನೂ ಬರ್ತೀನಿ." ಯಾವ ಗುಡಿಗೂ ಹೋಗದ ನನ್ನಪ್ಪ ಚಪ್ಪಲಿ ಮೆಟ್ಟಿಕೊಂಡ.

ಮೈಲಾರಲಿಂಗನಿಗೆ ಮುಡಿಪಾದ ಗೊರವ ಮೈಲಪ್ಪ ಕೇಳಿದ್ದು ಒಂದೇ. "ಆಣಿಯೊಳಗ ಏನಂತ ಅನಿಸೀರಿ?"

"ಇನ್ನೊಬ್ಬ ಮನುಷ್ಯರ ಕಿವಿಗೆ ಹಾಕೋದಿಲ್ಲ ಅಂತ."

ಗಡ್ಡ ಕೆರೆದುಕೊಂಡ. "ಆಣಿ ಮುರಿಯಾಕ ನನ್ನಿಂದ ಆಗೋದಿಲ್ಲವ್ವಾ. ಮುರಿಯೋದು ಬ್ಯಾಡ ಬಿಡು. ದೋಣಿ ಮುಂದ ಕುಂತಾಗ ನಾ ಮನುಷ್ಯ ಅಲ್ಲ, ಮೈಲಾರಲಿಂಗನ ನಾಯಿ. ನಾಳಿ ಐತವಾರ, ಆತನ ದಿನ. ಹಾಲು ತಗೊಂಡು ಬಾ."

25 ನವೆಂಬರ್, ಭಾನುವಾರ

ಬರೆಯುತ್ತೇನೆ, ಬರೆಯದಿದ್ದರೆ ನಾಳೆ ನಾನೇ ನಂಬಲಾರೆ.

ಗೊರವರು ದೋಣಿ ತುಂಬುವುದನ್ನು ಚಿಕ್ಕಂದಿನಲ್ಲಿ ನೋಡಿ ಹೆದರಿ ಓಡಿದ್ದೆ. ಆಗ ಅವರು ಮೈಲಾರಲಿಂಗನ ನಾಯಿಗಳು. ಬೊಗಳುತ್ತಾರೆ, ದೋಣಿ ಅನ್ನುವ ಕಟ್ಟಿಗೆಯ ಪಾತ್ರೆಗೆ ಬಾಯಿ ಹಾಕಿ ಉಣ್ಣುತ್ತಾರೆ. ಇವತ್ತು ಅದು ನಮ್ಮ ಕೋರ್ಟಿನ ನಡುವೆ. ಮೈಲಪ್ಪ ಕರಿ ಕಂಬಳಿ ಹೊದ್ದು ಡಮರುಗ ಬಾರಿಸಿದ. ದೋಣಿ ನೆಲಕ್ಕಿಟ್ಟ. ನಾನು ಹಾಲು ಸುರಿದೆ. ಏಳುಕೋಟಿ ಅಂತ ಕೂಗಿ ಕೈಕಾಲು ಊರಿ ಬಗ್ಗಿದವನು ಮೈಲಪ್ಪನಾಗಿ ಉಳಿಯಲಿಲ್ಲ. ಬೊಗಳಿದ. ಹಾಲಿಗೆ ಬಾಯಿ ಹಾಕಿದ. ಗಡ್ಡದಿಂದ ಹಾಲು ಸುರಿಯುತ್ತಿತ್ತು. ಹೆಡ್ಮಾಸ್ಟರು ಬೇಲಿಯಾಚೆ ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ.

ಹುಡುಗಿಯರು ಒಬ್ಬೊಬ್ಬರೇ ಹೋಗಿ ಪಕ್ಕದಲ್ಲಿ ಮಂಡಿಯೂರಿ ಅವನ ಕಿವಿಯಲ್ಲಿ ಪಿಸುಗುಟ್ಟಿ ಬಂದರು. ಐವರೂ ಹೋದರು. ಇಲ್ಲೂ ಒಬ್ಬಳನ್ನು ಬೇರೆ ಮಾಡಿ ತೋರಿಸಲಿಲ್ಲ. ಕೊನೆಯವಳು ಎದ್ದ ಮೇಲೆ ಮೈಲಪ್ಪ ನಾಲ್ಕು ಕಾಲಲ್ಲೇ ಸಾಲಿನ ಮುಂದೆ ಬಂದ. ರುದ್ರಿ, ಗಾದೆಮ್ಮ... ದಾಟಿದ. ಜಂಬಕ್ಕನ ಲಂಗದ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಎಳೆದ. ಬಿಡಲಿಲ್ಲ.

ಓಡಿದೆ. ಅವಳೇ ಎರಡೂ ಜಡೆ ಮುಂದಕ್ಕೆ ಹಾಕಿಕೊಂಡು ಕತ್ತು ಬಗ್ಗಿಸಿದಳು. ಕೂದಲ ಬುಡದಲ್ಲಿ, ಕತ್ತಿನ ಹಿಂದೆ, ನಾಲ್ಕು ಹಲ್ಲಿನ ಗುರುತು. ಹಳದಿ ಪುಡಿ ಹೆಪ್ಪುಗಟ್ಟಿದೆ. ಚೆಂಡು ಎತ್ತಿಕೊಳ್ಳಲು ಬಗ್ಗಿದಾಗ ಮೇಲೆ ಹಾರಿತಂತೆ.

ಅವಳು ಕತ್ತೆತ್ತಲಾರದೆ ಎತ್ತರದ ಚೆಂಡು ಬಿಟ್ಟಿದ್ದಳು. ನಾನು ಬೆನ್ನು ತಟ್ಟಿದ್ದೆ.

ಕಾಲಿಗೆ ಪಟ್ಟಿ ಕಟ್ಟುವ ಉಪಾಯವೂ ಅವಳದೇ. ಟೀಚರ್ ಕಾಲು ನೋಡಲಿ, ತಲೆ ನೋಡುವುದು ಬೇಡ ಅಂತ. ಎಲ್ಲಿ ಬೀಳಬೇಕು ಅಂತ ಮೊದಲೇ ಗೊತ್ತುಮಾಡಿಕೊಂಡು ಹೊಡೆದಿದ್ದಾಳೆ. ನಾನೇ ಕಲಿಸಿದ್ದು.

"ಯಾಕ ಜಂಬಕ್ಕಾ?" ಅಂದೆ.

"ಕ್ಯಾಪ್ಟನ್ನ ಆಣಿ ಮುರದ್ರ ಹೆಂಗ್ರಿ ಟೀಚರ್?"

ಡಾಕ್ಟರು ಗಾಯ ನೋಡಿದರು.  "ಕಾಲಿಗಾಗಿದ್ರೆ ಟೈಮ್ ಇರ್ತಿತ್ತು. ತಲೆಗೆ ಇಷ್ಟು ಹತ್ರ..." ಸಿದ್ದಿಯದರಲ್ಲಿ ಉಳಿದಿದ್ದ ಔಷಧದಿಂದ ಒಂದು ಸೂಜಿ ಚುಚ್ಚಿದರು. ಉಳಿದದ್ದು ಬಳ್ಳಾರಿಯಲ್ಲಿ, ಈಗಲೇ ಹೊರಡಿ ಅಂದರು.

26 ನವೆಂಬರ್, ಸೋಮವಾರ, ಬಳ್ಳಾರಿ

ದೊಡ್ಡಾಸ್ಪತ್ರೆ. ಸೂಜಿ ನಡೆಯುತ್ತಿದೆ. ಗಾಯದ ಸುತ್ತಲೂ ಬೇರೆ ಏನೋ ಚುಚ್ಚಿದರು. ಜಂಬಕ್ಕನ ಅವ್ವ ಮಂಚದ ಕೆಳಗೆ ಕೂತು ಭಂಡಾರದ ಪೊಟ್ಟಣ ಹಿಡಿದುಕೊಂಡಿದ್ದಾಳೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಲ್ಲಿನ ದೊಡ್ಡ ಡಾಕ್ಟರು ಹೇಳಿದ್ದು ಇಷ್ಟೇ: ಕಾಯಬೇಕು. ಎಷ್ಟು ದಿನ ಅಂತ ಕೇಳಲು ಹೆದರಿಕೆ.

28 ನವೆಂಬರ್, ಬುಧವಾರ

ನಾಲ್ವರೂ ಬಂದರು, ಬೆಳಗಿನ ಬಸ್ಸಿಗೆ. ಒಳಗೆ ಬಿಡಲಿಲ್ಲ. ಕಿಟಕಿಯ ಆಚೆ ಸಾಲಾಗಿ ನಿಂತರು. ಸಿದ್ದಿ ಈಗ ನೆಟ್ಟಗೆ ನಡೆಯುತ್ತಾಳೆ. ಅವಳ ಕೈಕಾಲಿಗೆ ಏನೂ ಆಗಲಿಲ್ಲ. ಒಂದು ಭಯ ಇಳಿಯಿತು.

ಜಂಬಕ್ಕ ಮಂಚದಿಂದಲೇ ಕೂಗಿದಳು. "ಲೇ ರುದ್ರಿ, ನನ್ ಜಾಗಾಕ್ಕ ಯಾರು ನಿಲ್ತೀರಲೇ?"

"ಯಾರೂ ಇಲ್ಲ. ಟೀಚರ್ ಆಟ ಬ್ಯಾಡ ಅಂದಾರ."

"ನೀವು ಹೂಂ ಅಂದ್ರ್ಯಾ? ಹುಚ್ಚಪ್ಯಾಲಿಗಳಿರಾ!" ನನ್ನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದಳು. ಎಷ್ಟೋ ದಿನದ ಮೇಲೆ ನಕ್ಕೆ. ನಕ್ಕದ್ದಕ್ಕೆ ಹೆದರಿದೆ.

30 ನವೆಂಬರ್, ಶುಕ್ರವಾರ, ಬೆಳಿಗ್ಗೆ

ನಿನ್ನೆ ಮಧ್ಯಾಹ್ನದಿಂದ ಜ್ವರ. ಊಟ ಬೇಡ ಅಂದಳು. ನೀರೂ ಬೇಡ ಅಂದಳು. ನರ್ಸ್ ಹೇಳುತ್ತಾಳೆ, ಸೂಜಿಯಿಂದಲೂ ಜ್ವರ ಬರ್ತೈತ್ರಿ, ಹೆದರಬ್ಯಾಡ್ರಿ. ಡಾಕ್ಟರು ಹಾಗೆ ಹೇಳಲಿಲ್ಲ. ಬೆಳಿಗ್ಗೆ ಬಂದು ಅವಳ ಮುಖ ನೋಡಿ, ನನ್ನನ್ನು ಹೊರಗೆ ಕರೆದು, ನೀರು ಕುಡಿಯುತ್ತಾಳಾ ನೋಡಿ ಹೇಳಿ ಅಂದರು. ಅಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಎರಡು ಸಲ ಲೋಟ ತುಂಬಿ ಎರಡು ಸಲವೂ ಕೇಳದೇ ಚೆಲ್ಲಿದೆ. ಅವಳು ಮತ್ತೆ ಬೇಡ ಅಂದುಬಿಟ್ಟರೆ? ಕೇಳದಿದ್ದರೆ ಇನ್ನೂ ಏನೂ ಆಗಿಲ್ಲ ಅಂದುಕೊಂಡಿರಬಹುದು. ಅವಳ ಅವ್ವ ಮುಖ ತೊಳೆಯಲು ಹೋಗಿದ್ದಾಳೆ. ಇಲ್ಲಿರುವುದು ನಾವಿಬ್ಬರೇ.

ಈಗ ಅವಳೇ ಕಣ್ಣು ತೆರೆದು "ಟೀಚರ್, ನೀರು" ಅಂದಳು.

ತುಂಬಿ ಕೊಟ್ಟೆ. ನೋಡುವ ಧೈರ್ಯವಿಲ್ಲ, ಅದಕ್ಕೇ ಇದನ್ನು ತೆಗೆದು ಬರೆಯುತ್ತಾ ಕೂತಿದ್ದೇನೆ. ಎದ್ದು ಕೂತಳು. ಮಂಚ ಕಿರುಗುಟ್ಟಿತು. ಲೋಟ ಎತ್ತಿದ್ದು ಓರೆಗಣ್ಣಿಗೆ ಕಾಣುತ್ತಿದೆ. ತುಟಿಯವರೆಗೆ ಹೋಯಿತು. ತಡೆದಳು. ನನ್ನನ್ನೇ ನೋಡುತ್ತಿದ್ದಾಳೆ. ನಾನು ತಲೆ ಎತ್ತುವುದಿಲ್ಲ. ಕುಡಿ ಜಂಬಕ್ಕಾ, ಒಂದು ಗುಟುಕು, ಒಂದೇ ಒಂದು —